ನ್ಯೂಟ್ರಲ್ ಹೇಳುವ ವೈರು

ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಮಲಗಿದ್ದ ಮಹಾಂತೇಶರಿಗೆ ಚಿಕ್ಕಣ್ಣನವರ ಮುಖಕ್ಕಿಂತ ಮೊದಲು ಕಂಡದ್ದು ಅವರ ಚಪ್ಪಲಿಗಳು. ಆ ಚಪ್ಪಲಿಗಳು ಕಾರಿನ ಬಾಗಿಲ ಬಳಿ ಬಂದು ನಿಂತವು, ಸ್ವಲ್ಪ ಹಿಂದೆ ಸರಿದವು, ಮತ್ತೆ ಬಂದವು. ಮಹಾಂತೇಶರ ಹಲ್ಲಿನ ನಡುವೆ ಟೆಸ್ಟ್ ಲ್ಯಾಂಪಿನ ವೈರು ಇತ್ತು. ಅವರು ‘ಹ್ಞೂಂ’ ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದರು.

ಅದು 2004ರ ಮಾರ್ಚ್ ಕೊನೆ. ಅಗ್ರಹಾರದ ಆ ಬೀದಿ ಎಷ್ಟು ಕಿರಿದೆಂದರೆ, ಮಹಾಂತೇಶರ ಆಟೊ ಎಲೆಕ್ಟ್ರಿಕಲ್ ಅಂಗಡಿಗೆ ಬಂದ ಕಾರಿನ ಮೂತಿ ಒಳಗಿದ್ದರೆ ಬಾಲ ರಸ್ತೆಯಲ್ಲಿರುತ್ತಿತ್ತು. ಅದೇ ಜಾಗದಲ್ಲಿ ಅವರ ತಂದೆ ವಿಭೂತಿ, ರುದ್ರಾಕ್ಷಿ, ಲಿಂಗದ ಕರಡಿಗೆ ಮಾರುತ್ತಿದ್ದರು. ಮಗನಿಗೆ ಕೂತು ಮಾರುವ ವ್ಯಾಪಾರ ಒಗ್ಗಲಿಲ್ಲ. ಹದಿನೇಳಕ್ಕೆ ಗ್ಯಾರೇಜು ಸೇರಿದ ಅವರು ಈಗ ನಲವತ್ತೇಳಾದರೂ ಸ್ನಾನ, ಲಿಂಗಪೂಜೆ ಮುಗಿಯದೆ ವೈರು ಮುಟ್ಟುತ್ತಿರಲಿಲ್ಲ.

ಎದ್ದು ಕೂತಾಗ ಚಿಕ್ಕಣ್ಣ ಕೈಲಿದ್ದ ಪೆಟ್ಟಿಗೆ ಮುಂದೆ ಹಿಡಿದರು. ಕಾರಿನ ಅಲಾರಂ. ಕಳ್ಳ ಮುಟ್ಟಿದರೆ ಕೂಗುತ್ತದೆ. ರಿಮೋಟ್ ಒತ್ತಿದರೆ ದೂರದಿಂದಲೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ಮಹಾಂತೇಶ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು.

“ಅಲಾರಂ ಹಾಕ್ಕೊಡ್ತೀನಿ ಯಜಮಾನ್ರೇ. ಸ್ಟಾರ್ಟು ಮಾತ್ರ ನಾನು ಹಾಕಲ್ಲ.”

“ಈ ಡಬ್ಬಾನ ಯಾವ ಕಳ್ಳ ಮುಟ್ತಾನೆ ಸ್ವಾಮಿ?” ಎಂದರು ಚಿಕ್ಕಣ್ಣ. “ನಂಗೆ ಬೇಕಾಗಿರೋದೇ ಸ್ಟಾರ್ಟು.”

ಚಿಕ್ಕಣ್ಣ ಇಲವಾಲದ ಕಡೆಯವರು. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾಗಿ ದಟ್ಟಗಳ್ಳಿಯಲ್ಲಿ ಮನೆ ಮಾಡಿದ್ದರು. ಹೆಂಡತಿ ದೇವಿರಮ್ಮನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿತ್ತು. ಗುರುವಾರ ಗುರುವಾರ ಆಸ್ಪತ್ರೆ. ಡ್ರಿಪ್ ಮುಗಿಯುವ ತನಕ ಕಾರು ಬಿಸಿಲಲ್ಲಿ ನಿಂತಿರುತ್ತಿತ್ತು. ಆಮೇಲೆ ಬಾಗಿಲು ತೆಗೆದರೆ ಕಾದ ರೆಕ್ಸಿನ್ನಿನ ವಾಸನೆಗೇ ಆಕೆಗೆ ವಾಂತಿ ಶುರುವಾಗಿ ಮನೆ ಮುಟ್ಟುವವರೆಗೂ ನಿಲ್ಲುತ್ತಿರಲಿಲ್ಲ. ಮೊದಲೇ ಹೋಗಿ ಎ.ಸಿ. ಹಾಕಿ ಬರೋಣವೆಂದರೆ, ಡ್ರಿಪ್ ಇರುವಷ್ಟು ಹೊತ್ತೂ ಆಕೆ ಗಂಡನ ಕೈ ಬಿಡುತ್ತಿರಲಿಲ್ಲ. ವಾರ್ಡಿನ ಕಿಟಕಿಯಿಂದ ಕಾರು ಕಾಣುತ್ತದೆ, ಹತ್ತು ನಿಮಿಷ ಮುಂಚೆ ಕೂತಲ್ಲಿಂದಲೇ ಸ್ಟಾರ್ಟ್ ಮಾಡಿದರೆ ಸಾಕು ಎಂದು ಚಿಕ್ಕಣ್ಣ ವಿವರಿಸಿದರು. ಕಳೆದ ವಾರ ಆಕೆ, ಇನ್ನು ಮೇಲೆ ಆಸ್ಪತ್ರೆಗೆ ಬರುವುದಿಲ್ಲ, ಆದದ್ದಾಗಲಿ ಎಂದಿದ್ದರಂತೆ.

ಮಹಾಂತೇಶ್ ತಲೆ ತಗ್ಗಿಸಿಕೊಂಡು ಕೇಳಿದರು. ಆದರೂ ಆಗುವುದಿಲ್ಲ ಎಂದೇ ಹೇಳಿದರು.

ಐದು ವರ್ಷಗಳ ಹಿಂದೆ ಅವರು ಇಂಥದೇ ಒಂದು ಸ್ಟಾರ್ಟರ್ ಹಾಕಿದ್ದರು. ಕೆಲಸ ಮುಗಿಸಿ, ಗೇರು ನ್ಯೂಟ್ರಲ್‌ನಲ್ಲಿದೆ ಎಂದು ನೋಡಿಕೊಂಡೇ ಕೆಳಗಿಳಿದಿದ್ದರು. ಕನ್ನಡಕ ತೆಗೆದುಕೊಳ್ಳಲು ಕಾರಿನೊಳಗೆ ಹೋದ ಮಾಲೀಕರು ಹೊರಬರುವಾಗ ಅಭ್ಯಾಸಬಲದಿಂದ ಗೇರು ಹಾಕಿ ಬಂದರು. ಹ್ಯಾಂಡ್‌ಬ್ರೇಕನ್ನು ನಮ್ಮಲ್ಲಿ ಯಾರು ನಂಬುತ್ತಾರೆ? ಗೇರು ಹಾಕದೆ ಗಾಡಿ ಬಿಟ್ಟರೆ ಮನಸ್ಸು ತಡೆಯುವುದಿಲ್ಲ. ಅದು ಗೊತ್ತಾಗದೆ ಮಹಾಂತೇಶ್ ರಿಮೋಟ್ ಒತ್ತಿದರು. ಕಾರು ಮುಂದಕ್ಕೆ ಚಿಮ್ಮಿತು. ಅದರ ಮುಂದೆ ಊಟದ ಕ್ಯಾರಿಯರ್ ಹಿಡಿದು ದಾಟುತ್ತಿದ್ದವರು ಅವರ ಹೆಂಡತಿ ಪ್ರೇಮಲೀಲಾ. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಕೂಡಿಕೊಂಡರೂ ಕಾಲು ಕೊಂಚ ಗಿಡ್ಡವಾಯಿತು. ಅಂದಿನಿಂದ ಆ ಕೆಲಸಕ್ಕೆ ಮಹಾಂತೇಶ್ ಕೈ ಹಾಕಿರಲಿಲ್ಲ.

ಈ ಕಥೆಯನ್ನು ಅವರು ಚಿಕ್ಕಣ್ಣನವರಿಗೆ ಅರ್ಧ ಹೇಳುವಷ್ಟರಲ್ಲಿ ಪ್ರೇಮಲೀಲಾ ಊಟ ತಂದರು. ರಸ್ತೆಯಲ್ಲಿ ನಿಂತಿದ್ದ ಚಿಕ್ಕಣ್ಣನವರ ಬಿಳಿ ಕಾರಿನಲ್ಲಿ ತಲೆಗೆ ಸೆರಗು ಸುತ್ತಿಕೊಂಡು ಒಬ್ಬ ಹೆಂಗಸು ಕೂತಿರುವುದನ್ನು ಕಂಡು ಅಲ್ಲೇ ನಿಂತರು. ಮಜ್ಜಿಗೆಯ ಬಾಟಲಿ ಕೊಟ್ಟು, ತಾವೂ ಒಳಗೆ ಹತ್ತಿ ಕೂತರು. ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ಪ್ರೇಮಲೀಲಾ ಕುಂಟುತ್ತಾ ಅಂಗಡಿಗೆ ಬಂದು ಕ್ಯಾರಿಯರ್ ಕೆಳಗಿಟ್ಟರು.

“ಐದು ನಿಮಿಷ ಆ ಕಾರಲ್ಲಿ ಕೂತಿದ್ದೆ ಕಣ್ರೀ. ನಂಗೇ ಹೊಟ್ಟೆ ತೊಳಸ್ತು,” ಎಂದರು. ಆಮೇಲೆ ಸ್ವರ ತಗ್ಗಿಸಿದರು. “ನನ್ ಕಾಲಿನ ನೆಪ ಹೇಳಿ ಅವರನ್ನ ಕಳಿಸ್ಬೇಡಿ. ಕಾಲು ನಂದು. ನಾನೇ ಮರ್ತಿದೀನಿ.”

ಮಹಾಂತೇಶ್ ಅಂದು ಊಟಕ್ಕೆ ಕೂರಲಿಲ್ಲ. ಚಿಕ್ಕಣ್ಣನವರ ಕಾರಿನ ಸ್ಟೇರಿಂಗ್ ಕೆಳಗಿನ ಮುಚ್ಚಳ ಬಿಚ್ಚಿದರು.

ಹಳೆಯ ಮಾಲೀಕರ ಕಾಲದಲ್ಲಿ ಯಾರೋ ಕೈಗೆ ಸಿಕ್ಕ ಬಣ್ಣದ ವೈರನ್ನೆಲ್ಲ ಅಲ್ಲಿ ಜೋಡಿಸಿದ್ದರು. ಕೆಂಪು ಇರಬೇಕಾದಲ್ಲಿ ಹಳದಿ ಇತ್ತು, ಉಳಿದದ್ದೆಲ್ಲ ಕಪ್ಪು. ಮಹಾಂತೇಶ್ ಹೇಗೂ ಬಣ್ಣ ನಂಬುವವರಲ್ಲ. ಚಿಕ್ಕಣ್ಣನವರಿಗೆ ಕೀ ತಿರುಗಿಸಲು ಹೇಳಿ, ಒಂದೊಂದೇ ವೈರಿಗೆ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದರು. ಕೀ ಇಲ್ಲದೆಯೂ ದೀಪ ಉರಿಸಿದ್ದು ಬ್ಯಾಟರಿಯಿಂದ ನೇರ ಬಂದ ವೈರು. ಕೀ ತಿರುಗಿಸಿದಾಗ ಉರಿದು, ಎಂಜಿನ್ ಕರಕರ ಎನ್ನುವಾಗ ಆರಿ, ಮತ್ತೆ ಉರಿದದ್ದು ಎ.ಸಿ. ಫ್ಯಾನಿನದು. ಆಗಲೂ ಆರದೆ ಉಳಿದದ್ದು ಎಂಜಿನ್ನನ್ನು ಜೀವಂತವಾಗಿಡುವ ಇಗ್ನಿಷನ್. ಕರಕರ ಎನ್ನುವಷ್ಟೇ ಹೊತ್ತು ಉರಿದದ್ದು ಸ್ಟಾರ್ಟರಿನದು. ಒಂದೊಂದಕ್ಕೂ ಬಿಳಿ ಟೇಪು ಸುತ್ತಿ ಹೆಸರು ಬರೆದರು.

ಬೇಕಾದ ಐದನೆಯ ವೈರು ಸಿಗಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೋ ಇಲ್ಲವೋ ಹೇಳುವ ವೈರು ಅದು. ಗೇರ್‌ಬಾಕ್ಸಿನಿಂದ ಬರುತ್ತಿದ್ದ ಒಂದೇ ವೈರು ರಿವರ್ಸ್ ದೀಪದ್ದು; ಅದಕ್ಕೆ ರಿವರ್ಸ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಸಂಜೆವರೆಗೂ ಹುಡುಕಿದ ಮೇಲೆ, ಆ ಕಾರಿನಲ್ಲಿ ಅಂಥ ವೈರೇ ಇಲ್ಲ ಎಂಬುದು ಖಚಿತವಾಯಿತು. ಕಾರು ಅಂಗಡಿಯಲ್ಲೇ ಉಳಿಯಿತು. ಗಂಡ ಹೆಂಡತಿ ಆಟೊ ಹಿಡಿದು ಮನೆಗೆ ಹೋದರು.

ಇಲ್ಲದ್ದನ್ನು ಮಹಾಂತೇಶ್ ಮಾರನೆಯ ದಿನ ಮಾಡಿ ಹಾಕಿದರು. ಬಾಗಿಲಿನ ಕಳ್ಳಗಂಟೆಗೆ ಬಳಸುವ ಅಯಸ್ಕಾಂತದ ಸ್ವಿಚ್ಚು ತಂದು, ಅಯಸ್ಕಾಂತವನ್ನು ಗೇರಿನ ಕೋಲಿಗೆ, ಸ್ವಿಚ್ಚನ್ನು ಅದರ ಬುಡದ ತಗಡಿಗೆ ಕೂರಿಸಿದರು. ಕೋಲು ನಟ್ಟನಡುವೆ ಇದ್ದರೆ ಮಾತ್ರ ಸ್ಟಾರ್ಟರಿಗೆ ಕರೆಂಟು. ಗೇರು ಹಾಕಿ ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಬಝರ್ ಕಿರುಚುತ್ತದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಬದಲಾಯಿಸಿ, ನ್ಯೂಟ್ರಲ್‌ನಲ್ಲಿ ನಿಂತ ಕಾರು ಉರುಳದಂತೆ ಚಕ್ರಕ್ಕೆ ಕೊಡಲು ಮರದ ಎರಡು ಒತ್ತುಗಳನ್ನೂ ಕೊಯ್ಯಿಸಿದರು.

ಬುಧವಾರ ಬೆಳಿಗ್ಗೆ ಪರೀಕ್ಷೆ. ಬೇಕೆಂದೇ ಗೇರು ಹಾಕಿ ಮಹಾಂತೇಶ್ ಇಪ್ಪತ್ತು ಸಲ ರಿಮೋಟ್ ಒತ್ತಿದರು. ಪ್ರತಿ ಸಲ ಒತ್ತುವ ಮುನ್ನ ಕಾರಿನ ಮುಂದೆ ಯಾರೂ ಇಲ್ಲವೆಂದು ನಡೆದು ಹೋಗಿ ನೋಡಿ ಬಂದರು. ಇಪ್ಪತ್ತು ಸಲವೂ ಕಾರು ಸುಮ್ಮನಿತ್ತು. ನ್ಯೂಟ್ರಲ್ ಮಾಡಿ ಒತ್ತಿದಾಗ ಸ್ಟಾರ್ಟ್ ಆಯಿತು.

ಉಳಿದದ್ದು, ಕಾರು ಒಯ್ಯಲು ಹೆಂಡತಿಯೊಂದಿಗೆ ಬಂದಿದ್ದ ಚಿಕ್ಕಣ್ಣನವರ ಕೈ. ಕಾರು ನಿಲ್ಲಿಸಿ ಇಳಿಯಿರಿ ಎಂದರೆ ಆ ಕೈ ತಾನಾಗಿ ಗೇರು ಹಾಕುತ್ತಿತ್ತು. ಹತ್ತು ಸಲ ಇಳಿದರೆ ಏಳು ಸಲ ಬಝರ್ ಕೂಗಿತು. ಹೀಗಾದರೆ ಅಪಾಯವೇನೋ ಇರಲಿಲ್ಲ, ಆದರೆ ನಾಳೆ ಕಿಟಕಿಯಿಂದ ಒತ್ತಿದರೆ ಕಾರು ಸ್ಟಾರ್ಟೂ ಆಗುವುದಿಲ್ಲ. ಕಾದ ಸೀಟು ಕಾದೇ ಇರುತ್ತದೆ. ಎಂಟನೆಯ ಸಲ ಕೂಗಿದಾಗ ಹಿಂದಿನ ಸೀಟಿನಲ್ಲಿದ್ದ ದೇವಿರಮ್ಮ ನಕ್ಕರು. ಆಕೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತೇನೋ, ಚಿಕ್ಕಣ್ಣ ಇಳಿಯುವುದನ್ನು ಬಿಟ್ಟು ಹಿಂದೆ ತಿರುಗಿ ಹಾಗೇ ಕೂತರು.

“ಮೂವತ್ ವರ್ಷ ನಾನ್ ಹೇಳಿದ್ ಒಂದೂ ಕೇಳ್ನಿಲ್ಲ ಕಣಪ್ಪ,” ಎಂದು ದೇವಿರಮ್ಮ ಮಹಾಂತೇಶರಿಗೆ ಹೇಳಿದರು. “ಈ ಪೀಪಿ ಮಾತ್ ಕೇಳ್ತಾರಾ?”

“ನೀನೂ ಬರಾಕಿಲ್ಲ ಅಂತಿದ್ಯಲ್ಲ,” ಎಂದರು ಚಿಕ್ಕಣ್ಣ. “ನಾನು ಕೈ ತಿದ್ಕೋತೀನಿ. ನೀನು ನಾಳೆ ಬತ್ತೀಯಾ?”

ದೇವಿರಮ್ಮ ಸೆರಗು ಸರಿಮಾಡಿಕೊಂಡರು. “ಮೊದ್ಲು ತಿದ್ಕಳಿ,” ಎಂದರು.

ಆ ದಿನ ದಟ್ಟಗಳ್ಳಿಯ ಮನೆಯ ಮುಂದೆ ಚಿಕ್ಕಣ್ಣ ಅರವತ್ತು ಸಲ ಕಾರು ಹತ್ತಿ ಇಳಿದರಂತೆ. ದೇವಿರಮ್ಮ ಜಗಲಿಯ ಮೇಲೆ ಕೂತು ಎಣಿಸಿದರು.

ಗುರುವಾರ ಹನ್ನೊಂದಕ್ಕೆ ಮಹಾಂತೇಶ್ ಅಂಗಡಿಗೆ ಬೀಗ ಹಾಕಿ, ಪ್ರೇಮಲೀಲಾರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆ ರಸ್ತೆಗೆ ಹೋದರು. ಬಿಳಿ ಕಾರು ಇಳಿಜಾರಿನಲ್ಲಿ ನಿಂತಿತ್ತು, ಚಕ್ರಗಳಿಗೆ ಮರದ ಒತ್ತು ಕೊಟ್ಟಿತ್ತು. ಗಾಜಿನೊಳಗೆ ಇಣುಕಿದರೆ ಗೇರಿನ ಕೋಲು ನಡುವೆಯೇ ಇತ್ತು. ಇಬ್ಬರೂ ಎದುರಿನ ಮರದ ನೆರಳಿಗೆ ಸರಿದು ನಿಂತರು. ಮಧ್ಯಾಹ್ನ ಒಂದೂಕಾಲಿಗೆ, ಯಾರೂ ಹತ್ತಿರ ಇಲ್ಲದಿದ್ದಾಗ, ಕಾರು ಸ್ಟಾರ್ಟ್ ಆಯಿತು. ಪ್ರೇಮಲೀಲಾ ಗಂಡನ ತೋಳು ಹಿಡಿದವರು ಎಂಜಿನ್ನಿನ ಸದ್ದು ಒಂದೇ ಸಮ ಆದ ಮೇಲೆ ಬಿಟ್ಟರು.

ತಣ್ಣಗಾಗಿದ್ದ ಕಾರಿನಲ್ಲಿ ದೇವಿರಮ್ಮ ಬಂದು ಕೂತದ್ದು ಒಂದೂವರೆಗೆ. ಆಕೆಗೆ ಇನ್ನೂ ಐದು ಗುರುವಾರಗಳ ಚಿಕಿತ್ಸೆ ಇತ್ತು, ಐದಕ್ಕೂ ಬಂದರು.