ಸುಶೀಲಕ್ಕನ ಬಲಗೈ

ಸುಶೀಲಕ್ಕನ ಕೈಯಿಂದ ಪೆಟ್ಟು ತಿನ್ನದೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಸ್ನೂಕರ್ ಕಲಿತವರು ಯಾರೂ ಇಲ್ಲ. ನನ್ನ ಪಾಲಿನದು ನನಗೆ ಮೊದಲ ದಿನವೇ ಸಿಕ್ಕಿತು. ಕೋಲಿನ ತುದಿಗೆ, ಅದು ಚೆಂಡಿನ ಮೇಲೆ ಜಾರದಿರಲೆಂದು ಸವರುವ ಚಾಕ್ ಇಟ್ಟು, ಗೋಡೆ ಕೊರೆಯುವವನ ಹಾಗೆ ಗರಗರ ತಿರುಗಿಸುತ್ತಿದ್ದೆ. ಎಲ್ಲಿಂದ ಬಂತೋ, ಕೆನ್ನೆಗೆ ಒಂದು ಬಿತ್ತು. ಕಣ್ಣು ಕತ್ತಲೆ ಬಂತು.

"ಎಂತ, ತೆಂಗಿನಕಾಯಿ ತುರಿಯುವುದಾ ನೀನು? ಮಗುವಿಗೆ ಪೌಡರ್ ಹಾಕಿದ ಹಾಗೆ ಮೆಲ್ಲ ಸವರ್ಬೇಕು. ಚಾಕ್ ತಿರುಗಿಸ್ಬೇಡ, ಕೋಲು ತಿರುಗಿಸು."

ನಾನು ಮೊಬೈಲ್ ಅಂಗಡಿ ಇಟ್ಟುಕೊಂಡ, ಹೆಂಡತಿ ಮಕ್ಕಳಿರುವ ಮನುಷ್ಯ. ಕುದ್ರೋಳಿಯ ಮನೆಯಲ್ಲಿ ನಮ್ಮ ತಂದೆಯೂ ನನ್ನ ಮೇಲೆ ಕೈ ಮಾಡಿದವರಲ್ಲ. ಸಿಟ್ಟು ನೆತ್ತಿಗೇರಿ ಕೋಲು ಬಿಸಾಡಿ ಮೆಟ್ಟಿಲಿಳಿದೆ. ಮರುದಿನ ಅದೇ ಹೊತ್ತಿಗೆ ಪುನಃ ಹೋಗಿ ನಿಂತಿದ್ದೆ. ನಾಚಿಕೆ ಎಂಬುದು ಆಟದ ಹುಚ್ಚಿನ ಮುಂದೆ ಯಾವ ಲೆಕ್ಕ ಹೇಳಿ!

ಹಳೆಯ ಲಾಡ್ಜೊಂದರ ಮೇಲಿನ ಮಾಳಿಗೆಯಲ್ಲಿ ಅವರ ಕ್ಲಬ್ಬಿತ್ತು. ಗಂಡ ಗಲ್ಫಿನಲ್ಲಿ ದುಡಿದು ಬಂದು ಆಸೆಪಟ್ಟು ಹಾಕಿಸಿದ ಮೇಜುಗಳು. ಅವರು ಹಠಾತ್ತನೆ ತೀರಿಕೊಂಡಾಗ ಮೈದುನ ಬಂದು, "ಹೆಂಗಸರಿಗೆ ಇದೆಲ್ಲ ಆಗ್ಲಿಕ್ಕಿಲ್ಲ ಅತ್ತಿಗೆ, ಜಾಗ ನನಗೆ ಬಿಡಿ" ಎಂದನಂತೆ. ಸುಶೀಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿದದ್ದು ಅವತ್ತು. ಗಂಡಸರು ಆಡುವುದನ್ನು ನೋಡಿ ನೋಡಿಯೇ ಕಲಿತರು. ಕಲಿತ ಮೇಲೆ ಆ ಗಂಡಸರಿಗೇ ಹೊಡೆದು ಕಲಿಸಿದರು.

ಚಾಕ್ ವಿಷಯದಲ್ಲಿ ಮಾತ್ರ ಅವರಿಗೆ ದೆವ್ವ ಹಿಡಿಯುತ್ತಿತ್ತು. ದುಬೈಯಲ್ಲಿರುವ ನನ್ನ ಅಣ್ಣ ರಜೆಗೆ ಬರುವಾಗ ನಾನು ಅವರಿಗೆಂದು ಒಳ್ಳೆಯ ಚಾಕ್ ತರಿಸುತ್ತಿದ್ದೆ. ಒಂದನ್ನು ತುದಿಗೆ ಸವರಿ, ಕೋಲಿನ ಬುಡವನ್ನು ನೆಲಕ್ಕೆ ಕುಟ್ಟಿ ನೋಡುತ್ತಿದ್ದರು. ಪುಡಿ ಉದುರದಿದ್ದರೆ ಅದಕ್ಕೆ ಡಬ್ಬಿಯಲ್ಲಿ ಜಾಗ. ಉದುರಿದರೆ ಕಿಟಕಿಯಿಂದ ಹೊರಗೆ. ಒಮ್ಮೆ ಹಾಗೆ ಬಿಸಾಡಿದ್ದು ಕೆಳಗೆ ರಿಕ್ಷಾದವನ ಮಂಡೆಗೆ ಬಿತ್ತು. ಅವನು ಜ್ಯಾಕ್ ರಾಡ್ ಹಿಡಿದು ಮೇಲೆ ಬಂದ.

"ಯಾರು ಬಿಸಾಡಿದ್ದು?"

"ನಾನು. ಎಂತ ಈಗ?"

ಅವನು ರಾಡ್ ಎತ್ತುವ ಮೊದಲೇ ಅಕ್ಕನ ಬಲಗೈ ಎದ್ದಿತ್ತು. ಆಮೇಲೆ ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೂಗಿನ ರಕ್ತ ಒರೆಸಿ, ಚಹಾ ತರಿಸಿದವರೂ ಅವರೇ.

ಹಸಿರು ಬಟ್ಟೆಯ ಸ್ನೂಕರ್ ಮೇಜಿಗೆ ಹಸಿರು ಚಾಕ್. ನೀಲಿ ಚಾಕ್ ಏನಿದ್ದರೂ ಮೂಲೆಯಲ್ಲಿದ್ದ ನೀಲಿ ಬಟ್ಟೆಯ ಪೂಲ್ ಮೇಜಿಗೆ. ಅದು ಇತ್ತ ಬಂದರೆ ಹಸಿರಿನ ಮೇಲೆ ಕಲೆ ಕೂರುತ್ತದೆ. ಮಳೆಗಾಲದಲ್ಲಿ ಚಾಕ್ ತೇವ ಎಳೆದು ಮೇಣವಾಗಿಬಿಡುತ್ತದೆಂದು ಹುರಿದ ಕುಚ್ಚಲಕ್ಕಿಯ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಚಾಕ್ ಸವರಿದ ಮೇಲೆ ಗೋಡೆಯ ಕಡೆ ತಿರುಗಿ ಕೋಲಿನ ತುದಿಯನ್ನು ಊದಬೇಕು. ಪುಡಿ ಮೇಜಿಗೆ ಬಿದ್ದು ಚೆಂಡುಗಳ ನಡುವೆ ಸಿಕ್ಕಿತೆಂದರೆ ಚೆಂಡು ಜಿಗಿದು ಹೊಡೆತವೇ ಹಾಳು. ಗೋಡೆಗೆ ಊದುವ ಈ ಪದ್ಧತಿ ಊರಿನ ಬೇರೆ ಯಾವ ಕ್ಲಬ್ಬಿನಲ್ಲೂ ಇರಲಿಲ್ಲ. ನಮ್ಮನ್ನು ನೋಡಿ ಎಲ್ಲರೂ ನಗುತ್ತಿದ್ದರು.

ಅವರು ಅತಿ ಹೆಚ್ಚು ಹೊಡೆದದ್ದು ರಕ್ಷಿತನಿಗೆ. ಅತಿ ಹೆಚ್ಚು ಪ್ರೀತಿ ಮಾಡಿದ್ದೂ ಅವನನ್ನೇ. ವಾಮಂಜೂರಿನವನು, ಎಡಗೈ ಆಟಗಾರ. ಮಕ್ಕಳಿಲ್ಲದ ಅಕ್ಕ ಅವನಿಗೆಂದು ಮನೆಯಿಂದ ನೀರುದೋಸೆ, ಮೀನಿನ ಗಸಿ ಕಟ್ಟಿ ತರುತ್ತಿದ್ದರು. "ನಾನು ಹೋದ ಮೇಲೆ ಈ ಕ್ಲಬ್ಬು ಇವನಿಗೇ" ಎಂದು ಎಲ್ಲರೆದುರು ಹೇಳಿಯೂ ಇದ್ದರು. ಅಂಥವನು ಒಂದು ಟೂರ್ನಮೆಂಟಿನ ದಿನ, ಹೊಸದಾಗಿ ಹಾಕಿದ ಹಸಿರು ಬಟ್ಟೆಯ ಮೇಜಿಗೆ ಜೇಬಿನಲ್ಲಿದ್ದ ನೀಲಿ ಚಾಕ್ ತಂದುಬಿಟ್ಟ. ಅವಸರದಲ್ಲಿ ಆದ ತಪ್ಪು, ಅಷ್ಟೇ. ಅಕ್ಕ ಕೋಲಿನ ಬುಡದಿಂದ ಬೆನ್ನಿಗೆ ಬಾರಿಸಿದರು. ತಿರುಗಿದ, ಬಾಯಿಗೆ ಬಿತ್ತು. ಊರಿನ ಆಟಗಾರರೆಲ್ಲ ನೋಡುತ್ತಿದ್ದಂತೆ ಅವನು ತುಟಿಯ ರಕ್ತವನ್ನು ತೋಳಿಗೆ ಒರೆಸಿ ಹೊರಟುಹೋದ. ಆಮೇಲೆ ಬರಲಿಲ್ಲ. ಜಾಗ ಕೇಳಿದ್ದ ಅದೇ ಮೈದುನನ ಟಿಪ್ಪರ್ ಲಾರಿ ಓಡಿಸುತ್ತಿದ್ದಾನೆಂದು ಸುದ್ದಿ ಬಂದಾಗ ಅಕ್ಕ, "ಎಲ್ಲಿಯಾದರೂ ಸಾಯಲಿ" ಎಂದರು. ಆ ದಿನ ಬುತ್ತಿ ಬಿಚ್ಚಲಿಲ್ಲ.

ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ ಕ್ಲಬ್ಬಿನಲ್ಲಿ ಅಕ್ಕ ಮತ್ತು ನಾನು ಇಬ್ಬರೇ ಇದ್ದೆವು. ಹೆಲ್ಮೆಟ್ ಹಾಕಿದ ಮೂವರು ನುಗ್ಗಿದರು. "ಜಾಗ ಖಾಲಿ ಮಾಡ್ಲಿಕ್ಕೆ ಹೇಳಿದ್ದು ಕೇಳ್ಲಿಲ್ವಾ?" ಎಂದು ಒಬ್ಬ ಕಪಾಟಿನ ಗಾಜು ಒಡೆದ. ಇನ್ನೊಬ್ಬ ಕತ್ತಿಯಿಂದ ಪೂಲ್ ಮೇಜಿನ ಬಟ್ಟೆ ಸೀಳಿದ. ನನಗೆ ಹೊಟ್ಟೆಗೆ ಒದೆ ಬಿತ್ತು. ಸೀಳಿದ ಆ ಮೇಜಿನ ಅಡಿಗೆ ಉರುಳಿ, ಅಲ್ಲಿಂದಲೇ ನೋಡುತ್ತ ಉಳಿದೆ. ಧೈರ್ಯದ ಕತೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಮೂರನೆಯವನು ಸ್ಟ್ಯಾಂಡಿನಿಂದ ಕೋಲು ಕಿತ್ತು ಹಸಿರು ಮೇಜಿನ ಕಡೆ ಬಂದ. ಮೇಲಿನ ದೀಪಗಳನ್ನು ಹೊಡೆದು ಹಾಕಲಿಕ್ಕೆಂದು ಕಾಣುತ್ತದೆ. ಅಂಚಿನಲ್ಲಿ ಚಾಕ್ ಇತ್ತು. ಅವನ ಎಡಗೈ ತಾನಾಗಿ ಅದನ್ನು ಎತ್ತಿಕೊಂಡಿತು. ಮೆಲ್ಲ ಸವರಿದ, ಕೋಲು ತಿರುಗಿಸಿದ. ಆಮೇಲೆ ಗೋಡೆಯ ಕಡೆ ತಿರುಗಿ, ಹೆಲ್ಮೆಟ್ಟಿನ ಒಳಗಿನಿಂದಲೇ ಉಫ್ ಎಂದು ಊದಿದ. ದೀಪ ಒಡೆಯಲು ಬಂದವನಿಗೆ ಚಾಕ್ ಯಾಕೆ ಮಾರಾಯ್ರೆ! ಕೋಲು ಹಿಡಿದ ಮೇಲೆ ಆ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ.

"ರಕ್ಷಿತಾ," ಎಂದರು ಅಕ್ಕ. "ಹೆಲ್ಮೆಟ್ ತೆಗಿ."

ಹೆಸರು ಕೇಳಿದ್ದೇ ಉಳಿದಿಬ್ಬರು ಓಡಿದರು. ಅವನು ಕದಲಲಿಲ್ಲ. ಅಕ್ಕ ಬಲಗೈ ಎತ್ತಿ ಅವನ ಎದುರಿಗೇ ನಡೆದರು. ಹೆದರಿದನೋ, ಹಳೆಯದು ನೆನಪಾಯಿತೋ, ಅವನು ಆ ಕೈಗೇ ಕೋಲು ಬೀಸಿಬಿಟ್ಟ. ಮೂಳೆ ಮುರಿದ ಸದ್ದು ನನಗೆ ಮೇಜಿನ ಅಡಿಗೂ ಕೇಳಿಸಿತು. ಅಕ್ಕ ಗೋಡೆಗೆ ಒರಗಿ ಕುಸಿದು, ಹಲ್ಲು ಕಚ್ಚಿಕೊಂಡೇ ಹೇಳಿದರು:

"ಕೋಲು ಸ್ಟ್ಯಾಂಡಿಗೆ ಇಟ್ಟು ಹೋಗು."

ಅವನು ಇಟ್ಟೇ ಓಡಿದ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಅಕ್ಕ, "ಹೆಲ್ಮೆಟ್ ಇತ್ತು, ಮೋರೆ ಕಾಣಲಿಲ್ಲ" ಎಂದರು. ನನಗೂ ಬಾಯಿ ಮುಚ್ಚಲು ಕಣ್ಣಿನಲ್ಲೇ ಹೇಳಿದರು. ಪೊಲೀಸರು ಹೋದ ಮೇಲೆ ನಾನು ಕೂಗಾಡಿದೆ. "ಕೈ ಮುರಿದವನನ್ನು ಬಿಡುವುದಾ ಅಕ್ಕ? ನಿಮ್ಮ ಮಂಡೆ ಸಮ ಉಂಟಾ?"

"ಪೊಲೀಸರು ಹೊಡೀಲಿಕ್ಕೆ ನಾನು ಅವನನ್ನು ಬೆಳೆಸಿದ್ದಾ ನಿಜಾಮ? ಹೊಡೀಲಿಕ್ಕೆ ನಾನಿದ್ದೇನಲ್ಲ."

ಮರುದಿನ ಬೆಳಿಗ್ಗೆ ಅವನೇ ಬಂದು ಮಂಚದ ಪಕ್ಕ ನಿಂತ. ಅಕ್ಕ ಹತ್ತಿರ ಕರೆದು ಎಡಗೈಯಿಂದ ಕೆನ್ನೆಗೆ ಒಂದು ಬಿಗಿದರು. ನರ್ಸ್ ಓಡಿ ಬಂದರು.

"ಇದು ಎಡಗೈದು. ಬಲಗೈದು ಬಾಕಿ ಉಂಟು. ಪ್ಲಾಸ್ಟರ್ ತೆಗೆದ ಮೇಲೆ ಬಾ."

ಅವನು ಅಲ್ಲಿಂದ ಸೀದಾ ಮೈದುನನ ಆಫೀಸಿಗೆ ಹೋಗಿ ಟಿಪ್ಪರಿನ ಕೀಲಿ ಬಿಸಾಡಿದನಂತೆ. "ಕ್ಲಬ್ಬಿನ ತಂಟೆಗೆ ಬಂದರೆ ನಾನೇ ಸ್ಟೇಷನ್ನಿಗೆ ಹೋಗಿ ಎಲ್ಲ ಹೇಳ್ತೇನೆ, ಒಟ್ಟಿಗೆ ಜೈಲಿಗೆ ಹೋಗುವ" ಎಂದನಂತೆ. ಆಮೇಲೆ ಆ ಮನುಷ್ಯ ಮೆಟ್ಟಿಲು ಹತ್ತಲಿಲ್ಲ.

ಪ್ಲಾಸ್ಟರ್ ತೆಗೆದರು. ಕೈ ಮಾತ್ರ ಸೊಂಟದಿಂದ ಮೇಲೆ ಏಳಲೇ ಇಲ್ಲ. ಅಕ್ಕನ ಕೋಲಿಗೆ ರಕ್ಷಿತನೇ ಚಾಕ್ ಸವರಿ, ಗೋಡೆಗೆ ಊದಿ, ಎಡಗೈಗೆ ಕೊಡುತ್ತಿದ್ದ. ದಿನಾ ಬೆಳಿಗ್ಗೆ ಎದುರು ನಿಂತು ಕೆನ್ನೆ ಒಡ್ಡುತ್ತಿದ್ದ. "ಇವತ್ತು ಆಗ್ತದಾ ಅಕ್ಕ?" ಅಕ್ಕ ಆ ಕೈಯನ್ನು ಎತ್ತಲು ನೋಡುತ್ತಿದ್ದರು. ಅರ್ಧಕ್ಕೆ ಬಂದು ನಡುಗಿ ಕೆಳಗಿಳಿಯುತ್ತಿತ್ತು. "ನಾಳೆ ಬಾ, ಬಿಡುವುದಿಲ್ಲ ನಿನ್ನನ್ನು" ಎನ್ನುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಸ್ಮಶಾನದಿಂದ ರಕ್ಷಿತನೂ ನಾನೂ ಕ್ಲಬ್ಬಿಗೆ ಬಂದೆವು. ಅವನು ದೀಪ ಹಾಕಿ, ಹಸಿರು ಮೇಜಿನ ಪಕ್ಕ ನಿಂತು, ನನ್ನ ಕಡೆ ಕೆನ್ನೆ ತಿರುಗಿಸಿದ.

"ನಿಜಾಮಣ್ಣ, ಬಲಗೈದು ಬಾಕಿ ಉಳೀತು. ನೀವಾದ್ರೂ ಕೊಡಿ."

ಕೊಟ್ಟೆ. ಮುರಿದ ಆ ಕೈಯ ಸಿಟ್ಟೆಲ್ಲ ಸೇರಿಸಿ ಕೊಟ್ಟೆ. ನನ್ನ ಅಂಗೈ ಉರಿಯಿತು. ಅವನು ಕೆನ್ನೆ ಮುಟ್ಟಿ ನೋಡಿಕೊಂಡು, ತಲೆ ಅಲ್ಲಾಡಿಸಿ, ನೆಲಕ್ಕೆ ಕೂತು ಗೊಳೋ ಎಂದು ಅತ್ತ.

"ಇದು ಅಕ್ಕನದ್ದಲ್ಲ ಅಣ್ಣ," ಎಂದ. "ಇದು ನೋಯ್ತಾ ಇಲ್ಲ."