ಇಳಿದ ಭುಜ

ಅಮೀರ್‌ಪೇಟೆಯ ಮೆಟ್ರೊ ಮೆಟ್ಟಿಲಿಳಿದರೆ ಸಾಕು, ಇದ್ದಿಲ ಮೇಲೆ ಸುಡುವ ಮೆಕ್ಕೆಜೋಳದ ವಾಸನೆ ಮೂಗಿಗೆ ಅಡರುತ್ತದೆ. ನಿನ್ನೆ ಒಂದು ತೆನೆ ತಿಂದು ಬೆರಳು ನೋಡಿಕೊಂಡೆ: ಮಸಿ. ಒಂದು ಕಾಲದಲ್ಲಿ ನಾನೂ ಕಲಾವಿದನಾಗಿದ್ದೆನಲ್ಲ! ನಗಬೇಡಿ, ಪೂರ್ತಿ ಕೇಳಿ.

ಆಗ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸ, ಲಿಂಗಂಪಲ್ಲಿಯಲ್ಲಿ ಬಾಡಿಗೆ ಮನೆ, ಕಲಬುರಗಿಯಿಂದ ಬಂದ ಹೊಸ ಹೆಂಡತಿ ಶಾರದೆ. ಇಷ್ಟು ಸಾಲದೆಂದು ಭಾನುವಾರ ಬೆಳಗ್ಗೆ ಅಮೀರ್‌ಪೇಟೆಯಲ್ಲಿ ಚಿತ್ರಕಲೆಯ ಕ್ಲಾಸು. ಊರೆಲ್ಲ ಅಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದರೆ ನಾನು ಇದ್ದಿಲು ಹಿಡಿದಿದ್ದೆ. ತುಂಡನ್ನು ಅಡ್ಡ ಹಿಡಿದು ಮೊದಲು ಕಾಗದದ ತುಂಬ ಕತ್ತಲು ಹಾಸಬೇಕು, ಆಮೇಲೆ ಬ್ರೆಡ್ಡಿನ ತಿರುಳಿನಿಂದ ಒತ್ತಿ ಬೆಳಕು ತೆಗೆಯಬೇಕು ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಭಾವವನ್ನು ಮುಖದಲ್ಲೇ ಹುಡುಕಬೇಡ, ಅದು ಭುಜದಲ್ಲೂ ಕೂತಿರುತ್ತದೆ ಎಂದೂ ಹೇಳಿದ್ದರು. ಆ ಮಾತು ನನ್ನ ತಲೆಗೆ ಹೋಗಿರಲಿಲ್ಲ.

ಒಂದು ಭಾನುವಾರ ಕ್ಲಾಸು ಮುಗಿಸಿ ಬಂದು ಮಧ್ಯಾಹ್ನ ಶಾರದೆಯನ್ನು ಕೂರಿಸಿದೆ. ನನ್ನ ಮುಖ ನೋಡಿದರೆ ಅವಳಿಗೆ ನಗು. ಗೋಡೆಯತ್ತ ತಿರುಗಿ ಕೂಡು ಎಂದೆ.

“ಬ್ರೆಡ್ ತಿನ್ನಾಕೋ ಒರಸಾಕೋ, ಒಂದ್ ಹೇಳ್ರಿ,” ಎಂದು ಗೊಣಗಿ ತಿರುಗಿದಳು.

ಸೆರಗು ಬಂತು, ಜಡೆ ಬಂತು. ಎಡಭುಜ ಮಾತ್ರ ಇಳಿದೇ ಬರುತ್ತಿತ್ತು. ಒರೆಸಿ ಏರಿಸಿದೆ, ಕಣ್ಣೆತ್ತಿದರೆ ಮತ್ತೆ ಕೆಳಗೆ. ಕುಣಿಯಲಾರದವಳಿಗೆ ನೆಲ ಡೊಂಕು. ನಾನು ಇದ್ದಿಲನ್ನು ಬೈದೆ.

“ನೆಟ್ಟಗ ಕೂಡು.”

“ನೆಟ್ಟಗನ ಕೂತೀನ್ರಿ.”

“ಮೈಯಾಗ ಆರಾಮ ಇಲ್ಲೇನು?”

ಅವಳು ತಿರುಗಲಿಲ್ಲ. “ಆರಾಮ ಅದೀನ್ರಿ. ನೀವು ಬಸ್ ಹತ್ತಿದ ಮ್ಯಾಲೆ ಸಂಜಿತನಕ ನಾ ಬಾಯಿ ತೆರೆಯಂಗಿಲ್ಲ. ಓಣ್ಯಾಗ ಎಲ್ಲಾರದೂ ತೆಲುಗು. ಐತವಾರ ಒಂದೊಪ್ಪತ್ತು ಮನ್ಯಾಗ ಇರ್ತೀರಿ ಅಂದ್ರ ಗ್ವಾಡಿ ಕಡೆ ಮುಖ ಮಾಡಸ್ತೀರಿ. ಊರಿಗೆ ಹೋಗಿಬಿಡ್ಲೇನು ಅನಸ್ತೈತಿ.”

ಇದ್ದಿಲು ಕೆಳಗಿಟ್ಟು ಅವಳ ಎದುರು ಹೋಗಿ ಕೂತೆ. ಮಾತಿಗೆ ಕೂತವರು ಸಂಜೆಯ ಚಹಾವನ್ನೇ ಮರೆತೆವು. ಮುಂದಿನ ಭಾನುವಾರದಿಂದ ಕ್ಲಾಸಿಗೆ ಚಕ್ಕರ್. ಇಬ್ಬರೂ ಊರು ಸುತ್ತಿದೆವು.

ಆ ಅರ್ಧ ಚಿತ್ರ ಇವತ್ತಿಗೂ ನಮ್ಮ ಹಾಲ್‌ನಲ್ಲಿದೆ. ಇದ್ದಿಲ ಗೆರೆ ಒರೆಸಿದರೂ ಪೂರ್ತಿ ಹೋಗುವುದಿಲ್ಲ. ಅಳಿಸಿದ ಭುಜಗಳೆಲ್ಲ ಮಸುಕಾಗಿ ಹಾಗೇ ಉಳಿದಿವೆ. ಬಂದವರು “ಏನ್ ಟೆಕ್ನಿಕ್ರೀ!” ಎಂದರೆ ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ.

ನಿನ್ನೆ ಮಸಿಬೆರಳಿನಲ್ಲೇ ಅಂಗಡಿಗೆ ಹೋಗಿ ಚಿತ್ರ ಬರೆಯುವ ಹೊಸ ಇದ್ದಿಲು ಕೊಂಡು ಮನೆಗೆ ಬಂದೆ. ಶಾರದೆ ಪಕ್ಕದ ಮನೆಯವಳ ಜೊತೆ ತೆಲುಗಿನಲ್ಲಿ ಹರಟುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಹರಟೆ ಮುಗಿಯುವವರೆಗೆ ಕಾದು, “ಕೂಡು, ಇನ್ನೊಂದು ಚಿತ್ರ ತೆಗೀತೀನಿ,” ಎಂದೆ. ಅವಳು ಗೋಡೆಯತ್ತ ತಿರುಗಿದಳು.

“ಆ ಕಡೆ ಬ್ಯಾಡ. ನನ್ನ ಕಡೆ.”

“ನಗು ಬರ್ತೈತ್ರಿ.”

ಬಂತು. ಭುಜವೆರಡೂ ಕುಣಿದವು, ನನ್ನ ಗೆರೆಯೂ ಸೊಟ್ಟಗಾಯಿತು. ಈ ಸಲ ಒರೆಸಲಿಲ್ಲ.