ಬ್ಯಾಟರಿಯ ಕೊನೆಯ ಕಡ್ಡಿ

ಊಟಕ್ಕೆ ಕೂಡುವ ಮೊದಲು ಕೆಲವರು ಕೈ ತೊಳೆಯುತ್ತಾರೆ, ಕೆಲವರು ದೇವರನ್ನು ನೆನೆಯುತ್ತಾರೆ. ನಾನು ಎರಡನ್ನೂ ಮಾಡುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ರೇಡಿಯೊವನ್ನು ಚಾರ್ಜಿಗೆ ಹಾಕುತ್ತೇನೆ. "ಅದಕ್ಕ ಉಣಿಸೂದಾತಲ್ಲ, ಈಗರ ನೀವು ಉಣ್ಣಾಕ ಬರ್ರಿ," ಎಂದು ನನ್ನ ಹೆಂಡತಿ ಜುಲೇಖಾ ಅಡುಗೆಮನೆಯಿಂದ ಕೂಗುತ್ತಾಳೆ. ಮನೆಯಲ್ಲಿ ನಾವಿಬ್ಬರು ಆಡುವುದು ಉರ್ದು. ಆದರೆ ಆಕೆ ಬಬಲೇಶ್ವರದ ಕನ್ನಡದ ಓಣಿಯಲ್ಲಿ ಬೆಳೆದವಳು. ಬೈಯುವ ಕೆಲಸವಿದ್ದಾಗ ಕನ್ನಡಕ್ಕೆ ಬರುತ್ತಾಳೆ. ಆ ಭಾಷೆಯಲ್ಲಿ ಬೈದರೆ ನೇರವಾಗಿ ತಲುಪುತ್ತದೆ ಎಂಬುದು ಆಕೆಯ ಅನುಭವ. ನನ್ನದೂ ಹೌದು.

ನನ್ನದು ಜೋರಾಪುರ ಪೇಟೆಯಲ್ಲಿ ಕನ್ನಡಕದ ಅಂಗಡಿ. ಹೊಟ್ಟೆಗೆ ಕನ್ನಡಕ, ಹುಚ್ಚಿಗೆ ರೇಡಿಯೊ. ರೇಡಿಯೊ ಎಂದರೆ ಹಾಡು ಕೇಳುವುದಲ್ಲ. ಪರೀಕ್ಷೆ ಬರೆದು, ಸರಕಾರದ ಲೈಸೆನ್ಸ್ ಪಡೆದು, ನಮ್ಮಂಥದೇ ಹುಚ್ಚಿನ ಗೆಳೆಯರೊಡನೆ ಗಾಳಿಯ ಮೇಲೆ ಮಾತಾಡುವ ಹವ್ಯಾಸಿಗಳ ರೇಡಿಯೊ. ಒಂದು ಕೈಯಲ್ಲಿ ಹಿಡಿಯುವಷ್ಟು ಸೆಟ್ಟು. ಅದರಲ್ಲೊಂದು ಸ್ಕ್ಯಾನ್ ಗುಂಡಿ ಇದೆ. ಒತ್ತಿದರೆ ಸೆಟ್ಟು ಒಂದೊಂದೇ ಚಾನೆಲ್ಲಿಗೆ ಕಿವಿ ಕೊಡುತ್ತ, ಮಾತಿದ್ದಲ್ಲಿ ನಿಂತು, ಇಲ್ಲದಿದ್ದರೆ ಮುಂದಕ್ಕೆ ಹೋಗುತ್ತದೆ. ನಮ್ಮ ಪೇಟೆಯ ಹಿರಿಯರು ಸಂಜೆ ಕಟ್ಟೆಯಿಂದ ಕಟ್ಟೆಗೆ ಹೋಗುತ್ತಾರಲ್ಲ, ಥೇಟ್ ಹಾಗೆ. ವ್ಯತ್ಯಾಸವೆಂದರೆ ಹಿರಿಯರಿಗೆ ದಣಿವಿಲ್ಲ, ಸೆಟ್ಟಿನ ಬ್ಯಾಟರಿಗೆ ದಣಿವಾಗುತ್ತದೆ.

ಈ ದಣಿವನ್ನು ಮುಂದೂಡುವುದು ಹೇಗೆ ಎಂಬುದರಲ್ಲಿ ನಾನು ಅರ್ಧ ಪಂಡಿತ. ಪರದೆಯ ಬೆಳಕು ಆರಿಸಬೇಕು. ಗುಂಡಿ ಒತ್ತಿದಾಗಲೆಲ್ಲ 'ಟಿಂಯ್' ಎನ್ನುವುದನ್ನು ನಿಲ್ಲಿಸಬೇಕು. ದನಿ ಸಣ್ಣದು ಮಾಡಿ ಕಿವಿಗೆ ಹಿಡಿಯಬೇಕು. ಖಾಲಿ ಗಾಳಿಯ ಗೊರಗೊರ ಸದ್ದನ್ನು ತಡೆಯುವ ತಿರುಗಣೆಯನ್ನು ಸರಿಯಾಗಿ ಕೂರಿಸಬೇಕು. ಇಲ್ಲದಿದ್ದರೆ ಯಾರೂ ಮಾತಾಡದ ಗದ್ದಲಕ್ಕೇ ಬ್ಯಾಟರಿ ಖರ್ಚಾಗುತ್ತದೆ. ಹತ್ತಾರು ಚಾನೆಲ್ ಸುತ್ತುವ ಸೆಟ್ಟಿಗೆ ನಿದ್ದೆಯಿಲ್ಲ. ಒಂದೇ ಚಾನೆಲ್ಲಿನಲ್ಲಿ ಕೂತ ಸೆಟ್ಟು ನಡುನಡುವೆ ಕಣ್ಣು ಮುಚ್ಚಿ ಚಾರ್ಜು ಉಳಿಸುತ್ತದೆ. ಎಲ್ಲಕ್ಕಿಂತ ದುಬಾರಿ ನಾವು ಆಡುವ ಮಾತು. ತಾಸುಗಟ್ಟಲೆ ಕೇಳಬಹುದಾದ ಚಾರ್ಜನ್ನು ಸ್ವಲ್ಪ ಹೊತ್ತಿನ ಹರಟೆ ನುಂಗಿಬಿಡುತ್ತದೆ. ಏನೂ ಖರ್ಚಿಲ್ಲದೆ ಒಂದು ಮಾತನ್ನು ಏಳು ಸಲ ತಿರುಗಿ ಹೇಳುವ ಗುಮ್ಮಟದ ಊರಿನಲ್ಲಿ ಹುಟ್ಟಿದವನಿಗೆ ಇದು ಅನ್ಯಾಯವೆಂದೇ ಅನಿಸುತ್ತದೆ.

ಆದರೆ ಇದೇ ಊರು ಉಳಿತಾಯವನ್ನೂ ಕಲಿಸಿದೆ. ಭೂತನಾಳದ ಕೆರೆಯ ನೀರು ಬರುವ ದಿನಕ್ಕಾಗಿ ಕೊಡಗಳನ್ನು ಸಾಲು ಹಚ್ಚಿದ ಮನೆ ನಮ್ಮದು. ಮುಖ ತೊಳೆದ ನೀರು ಅಂಗಳಕ್ಕೆ, ಅಕ್ಕಿ ತೊಳೆದದ್ದು ಗಿಡಕ್ಕೆ. ಹಳೆಯ ಸುಲ್ತಾನರ ಕಾಲದವರು ನೀರಿನ ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿಸಿದ್ದಾರೆ. ನೀರಿನ ರಭಸ ತಗ್ಗಿಸಿ, ಕೊಳವೆ ಒಡೆಯದಂತೆ ನೋಡಿಕೊಳ್ಳುವುದು ಅವುಗಳ ಕೆಲಸವಾಗಿತ್ತಂತೆ. ಹೊರಗಿನಿಂದ ಬಂದವರು ಅವನ್ನು ಕೋಟೆಯ ಬುರುಜು ಎಂದುಕೊಂಡು ಫೋಟೋ ತೆಗೆದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಮೊದಲೇ ಹೇಳಿದೆನಲ್ಲ, ಮಾತು ದುಬಾರಿ.

ಇಷ್ಟೆಲ್ಲ ತಿಳಿದೂ ನನ್ನ ಬ್ಯಾಟರಿ ಸರಿಯಾದ ಹೊತ್ತಿಗೆ ಕೈಕೊಟ್ಟ ಕತೆ ಕೇಳಿ.

ಸೈಕಲ್ಲಿನ ಹುಚ್ಚು ನಮ್ಮ ಜಿಲ್ಲೆಗೆ ಹಳೆಯದು. ಕಳೆದ ಚಳಿಗಾಲದಲ್ಲಿ ಹುಡುಗಿಯರಿಗಾಗಿ ಒಂದು ರೇಸು ಏರ್ಪಾಡಾಯಿತು. ತಿಕೋಟಾದಿಂದ ಹೊರಟು ಕನಮಡಿ ಮುಟ್ಟಿ ಮತ್ತೆ ತಿಕೋಟಾಕ್ಕೆ ಬರಬೇಕು. ನಡುವೆ ಕೆಲವು ಕಡೆ ಮೊಬೈಲ್ ಸಿಗುವುದಿಲ್ಲವೆಂದು ನಮ್ಮ ರೇಡಿಯೊ ಬಳಗವನ್ನು ಕರೆದರು. ಬಳಗವೆಂದರೆ ಮೂರೇ ಜನ. ನನ್ನ ಶಾಲೆಯ ಗೆಳೆಯ ಮಲ್ಲಣ್ಣ ತಿಕೋಟಾದವನು, ದ್ರಾಕ್ಷಿ ಬೆಳೆಗಾರ. ಎದುರಿಗೆ ನನ್ನನ್ನು 'ಲೇ ರಫೀಕ' ಎನ್ನುವವನು, ಸೆಟ್ಟು ಹಿಡಿದರೆ ಮಾತ್ರ ಬಹುವಚನಕ್ಕೆ ಏರುತ್ತಾನೆ. ಅವನು ರೇಸು ಮುಗಿಯುವ ಜಾಗದಲ್ಲಿ ನಿಂತ. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಜಾತಾ ಅಕ್ಕೋರು ಕನಮಡಿಯಲ್ಲಿ. ಇಬ್ಬರ ನಡುವೆ, ಬಿಳಿಜೋಳದ ಹೊಲಗಳ ಪಕ್ಕದ ಒಂದು ಕೂಡುರಸ್ತೆಯಲ್ಲಿ, ಬೇವಿನ ಗಿಡದ ಕೆಳಗೆ ನಾನು. ಕನಮಡಿಯಿಂದ ಅಕ್ಕೋರ ದನಿ ನೇರವಾಗಿ ತಿಕೋಟಾಕ್ಕೆ ಮುಟ್ಟುತ್ತಿರಲಿಲ್ಲ. ಅವರು ಹೇಳಿದ್ದನ್ನು ನಾನು ಕೇಳಿ ಮಲ್ಲಣ್ಣನಿಗೆ ದಾಟಿಸಬೇಕು, ಅವನು ಹೇಳಿದ್ದನ್ನು ಅತ್ತ ಕಳಿಸಬೇಕು. ಸೊಸೆ ಅತ್ತೆ ಮಾತು ಬಿಟ್ಟ ಮನೆಯಲ್ಲಿ ಮಗನ ಪಾಡಿರುತ್ತದಲ್ಲ, ಅದು.

ರೇಸಿನಲ್ಲಿ ನನ್ನ ಅಣ್ಣನ ಮಗಳು ಸಮೀನಾ ಇದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಒಂದು ವರ್ಷದಿಂದ ದಿನಾ ನಸುಕಿನಲ್ಲಿ ಭೂತನಾಳದ ದಾರಿಯಲ್ಲಿ ಸೈಕಲ್ ತುಳಿದು ತಯಾರಾಗಿದ್ದಳು. ಈ ಸಲ ಮೊದಲ ಮೂವರಲ್ಲಿ ಬರುತ್ತೇನೆಂದು ಮನೆಯವರಿಗೆಲ್ಲ ಹೇಳಿದ್ದಳು. ಮೊದಲ ಮೂವರಿಗೆ ರಾಜ್ಯಮಟ್ಟದ ಆಯ್ಕೆಗೆ ಹೋಗುವ ಅವಕಾಶವಿತ್ತು.

ರೇಸು ಹೊತ್ತಿಗೆ ಸರಿಯಾಗಿ ಶುರುವಾಗಿದ್ದರೆ ನನ್ನ ಬ್ಯಾಟರಿ ಸಂಜೆಯವರೆಗೂ ಬಾಳುತ್ತಿತ್ತು. ಆದರೆ ಅತಿಥಿಗಳು ಬರಬೇಕು, ಬಂದವರು ಮಾತಾಡಬೇಕು. ಅಷ್ಟರಲ್ಲಿ ಸಂಘಟಕರಿಗೆ ರೇಡಿಯೊದ ರುಚಿ ಹತ್ತಿಬಿಟ್ಟಿತು. ಹಾರ ಎಲ್ಲಿ, ಬಾಳೆಹಣ್ಣಿನ ಗಾಡಿ ಎಲ್ಲಿ, ಕನಮಡಿಯಲ್ಲಿ ನೀರಿನ ಬಾಟಲಿ ಮುಟ್ಟಿದವೇ, ಎಲ್ಲವೂ ನನ್ನ ಸೆಟ್ಟಿನ ಮೇಲೆಯೇ ಹಾಯ್ದು ಹೋಗಬೇಕು. ಪರದೆಯ ಮೇಲೆ ಬ್ಯಾಟರಿಯ ನಾಲ್ಕು ಕಡ್ಡಿ ಇದ್ದದ್ದು ಎರಡಕ್ಕೆ ಬಂತು. ನಾನು ಗಾಬರಿಯಾಗಲಿಲ್ಲ. ಚೀಲದಲ್ಲಿ ಇನ್ನೊಂದು ಬ್ಯಾಟರಿ ಇತ್ತು. ವರ್ಷದ ಹಿಂದೆ ಕೊಂಡು, ಪೂರ್ತಿ ಚಾರ್ಜು ತುಂಬಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಪತ್ರಾಸಿನ, ಅಂದರೆ ತಗಡಿನ ಮಾಡಿನ ಕೋಣೆಯ ಕಪಾಟಿನಲ್ಲಿ ಜೋಪಾನ ಮಾಡಿದ ಬ್ಯಾಟರಿ. ಸವೆಯಬಾರದೆಂದು ಒಂದು ಸಲವೂ ಬಳಸಿರಲಿಲ್ಲ. ಹೆಮ್ಮೆಯಿಂದ ಹೊರತೆಗೆದು ಸೆಟ್ಟಿಗೆ ಕೂರಿಸಿದೆ. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಬೇಸಿಗೆಯಿಡೀ ಬಿಸಿಲಿಗೆ ಬೆಂದ ಪತ್ರಾಸಿನ ಕೆಳಗೆ, ಹೊಟ್ಟೆ ತುಂಬ ಚಾರ್ಜು ಇಟ್ಟುಕೊಂಡು, ನನ್ನ ಜೋಪಾನದಲ್ಲೇ ಅದು ತೀರಿಕೊಂಡಿತ್ತು. ಇಂಥ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ತಂಪಿನ ಜಾಗದಲ್ಲಿ ಇಟ್ಟು, ಆಗಾಗ ಬಳಸಬೇಕೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಮರಳಿ ಹಳೆಯದನ್ನೇ ಹಾಕಿದೆ.

ಕೊನೆಗೂ ರೇಸು ಹೊರಟಿತು. ಹುಡುಗಿಯರು ನನ್ನ ಮುಂದೆ ಹಾಯ್ದು ಕನಮಡಿಯ ಕಡೆ ಹೋದರು. ಸಮೀನಾ ಮುಂದಿನ ಗುಂಪಿನಲ್ಲೇ ಇದ್ದಳು. ನನ್ನ ಕಡೆ ನೋಡಲಿಲ್ಲ. ನೋಡದ್ದಕ್ಕೆ ನನಗೆ ಖುಷಿಯಾಯಿತು.

ಕನಮಡಿ ಮುಟ್ಟಿ ತಿರುಗಿದ ಮೊದಲ ಇಬ್ಬರು ಗಾಳಿಯಂತೆ ಬಂದು ಹೋದರು. ಆಮೇಲೆ ರಸ್ತೆ ಖಾಲಿ. ಸಮೀನಾ ಇನ್ನೇನು ಬರಬೇಕು ಎಂದು ದಾರಿ ನೋಡುತ್ತಿರುವಾಗ ಸೆಟ್ಟಿನಲ್ಲಿ ಸುಜಾತಾ ಅಕ್ಕೋರ ದನಿ ಕೇಳಿಸಿತು.

"ರಫೀಕಭಾಯ್, ಈಗಷ್ಟ ಒಬ್ಬಾಂವ ಮೋಟಾರಸೈಕಲ್ ಮ್ಯಾಲ ಬಂದು ಹೇಳಿದಾ. ಈ ಕಡೆ ಮೋರಿ ಹತ್ರ ಒಬ್ಬ ಹುಡುಗಿ ಜೋರ ಬಿದ್ದಾಳಂತ. ಅಂಬ್ಯುಲೆನ್ಸ್ ಬೇಕ್ರಿ. ನಾನು ಸ್ಕೂಟಿ ತಗೊಂಡು ಅಲ್ಲಿಗೆ ಹೊಂಟೇನಿ."

ನಾನು ಮಲ್ಲಣ್ಣನಿಗೆ ದಾಟಿಸಿದೆ. ಯಾವ ಮೋರಿ, ರಸ್ತೆಯ ಯಾವ ಬದಿ ಎಂದೆಲ್ಲ ಅವನು ಕೇಳಿದ, ತಿಳಿದಷ್ಟು ಹೇಳಿದೆ. "ಗಾಡಿ ಬಿಟ್ಟೇವ್ರಿ, ಡಾಕ್ಟರೂ ಅದರಾಗ ಅದಾರ," ಎಂದ. ಮಾತು ಮುಗಿಯುವಷ್ಟರಲ್ಲಿ ಒಂದೇ ಕಡ್ಡಿ ಉಳಿದಿತ್ತು, ಅದೂ ಮಿಣುಕುತ್ತಿತ್ತು.

ಬಿದ್ದವಳು ಯಾರು?

ಹೆಬ್ಬೆರಳು ಮಾತಿನ ಗುಂಡಿಯ ಮೇಲೇ ಇತ್ತು. 'ಅಕ್ಕೋರ, ಆಕೀ ಹೆಸರೇನ್ರಿ' ಎಂದು ಕೇಳಿದರೆ ಮುಗಿಯಿತು. ಸೆಟ್ಟೂ ಅಲ್ಲಿಗೇ ಮುಗಿಯಬಹುದು. ಅಲ್ಲಿಂದ ಇನ್ನೊಂದು ಮಾತು ಬರುವುದಿದ್ದರೆ ಅದನ್ನು ಕೇಳಲು ಈ ದಾರಿಯಲ್ಲಿ ಇರುವುದು ಇದೊಂದೇ ಕಿವಿ. ಅಣ್ಣನ ಮುಖ ಕಣ್ಣೆದುರು ಬಂತು. ಒಬ್ಬ ಹುಡುಗಿ ಅಷ್ಟರಲ್ಲಿ ಕನಮಡಿಯ ಕಡೆಯಿಂದ ಬಂದಳು. ನಾನು ರಸ್ತೆಯ ಅಂಚಿಗೆ ಓಡಿ, "ಯಾರವಾ ಬಿದ್ದಾಕಿ?" ಎಂದು ಕೂಗಿದೆ. "ಗೊತ್ತಾಗ್ಲಿಲ್ರೀ!" ಎಂದು ಆಕೆ ತುಳಿಯುತ್ತಲೇ ಹೋದಳು. ಹಿಂದೆ ಇನ್ನಿಬ್ಬರು ಬಂದರು. ಅವರೂ ನಿಲ್ಲಲಿಲ್ಲ. ನಿಲ್ಲಿಸುವ ಹಕ್ಕು ನನಗೂ ಇರಲಿಲ್ಲ.

ಹೆಬ್ಬೆರಳನ್ನು ಗುಂಡಿಯಿಂದ ತೆಗೆದೆ. ಪರದೆಯ ಬೆಳಕು ಆರಿಸಿದೆ, ಸ್ಕ್ಯಾನ್ ನಿಲ್ಲಿಸಿದೆ, ದನಿಯನ್ನು ಕೇಳಿಯೂ ಕೇಳದಷ್ಟು ತಗ್ಗಿಸಿ ಸೆಟ್ಟನ್ನು ಕಿವಿಗೆ ಒತ್ತಿ ಹಿಡಿದೆ. ಜೀವನದಲ್ಲಿ ಎಷ್ಟೋ ಸಲ ಸುಮ್ಮನಿದ್ದೇನೆ. ಹೆಚ್ಚಾಗಿ ಹೇಳಲು ಏನೂ ಇಲ್ಲದ್ದರಿಂದ. ಕೇಳಬೇಕಾದ ಒಂದೇ ಒಂದು ಪ್ರಶ್ನೆ ಗಂಟಲಲ್ಲಿ ಇಟ್ಟುಕೊಂಡು ಸುಮ್ಮನಿದ್ದದ್ದು ಅದೇ ಮೊದಲು. ಜೋಳದ ತೆನೆಯ ಮೇಲೆ ಗುಬ್ಬಿಗಳು ಗದ್ದಲ ಮಾಡುತ್ತಿದ್ದವು. ಅವುಗಳಿಗೂ ಒಂದು ತಿರುಗಣೆ ಇದ್ದಿದ್ದರೆ ತಿರುಗಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಸೆಟ್ಟಿನಲ್ಲಿ ಅಕ್ಕೋರ ದನಿ ಬಂತು. ಉಸಿರು ಏರಿತ್ತು.

"ರಫೀಕಭಾಯ್, ಕೇಳ್ರಿ. ಹುಡುಗಿಗೆ ಮಬ್ಬ ಬಂದೈತಿ, ಕೈ ಮುರದಂಗ ಕಾಣತೈತಿ. ಆಕೀಗೆ ಸಕ್ಕರಿ ಬ್ಯಾನಿ ಐತಂತ. ಮುಂಜಾನೆ ಇನ್ಸುಲಿನ್ ತಗೊಂಡು ಸರಿಯಾಗಿ ಉಂಡಿಲ್ಲಂತ. ಗೆಳತಿ ಒಬ್ಬಾಕಿ ಬಾಜೂಕ ಕುಂತು ಹೇಳಾಕತ್ತಾಳ. ಡಾಕ್ಟರಿಗೆ ಮೊದಲ ಇದು ತಿಳೀಬೇಕ್ರಿ..."

ಸೆಟ್ಟು ಒಮ್ಮೆ ಸಣ್ಣಗೆ ಅತ್ತು ಆರಿಹೋಯಿತು.

ಸಕ್ಕರೆ ಬೇನೆ ಎಂದ ಕೂಡಲೇ ಅದು ಸಮೀನಾ ಅಲ್ಲ ಎಂದು ತಿಳಿಯಿತು. ಎದೆ ಹಗುರಾಯಿತು. ಮರುಕ್ಷಣವೇ, ಇನ್ನೊಬ್ಬರ ಮನೆಯ ಹುಡುಗಿಯಲ್ಲವೇ ಎಂದು ಮತ್ತೆ ಭಾರವಾಯಿತು. ತಿಕೋಟಾದ ಕಡೆಯಿಂದ ಅಂಬ್ಯುಲೆನ್ಸ್ ಧೂಳೆಬ್ಬಿಸುತ್ತ ಬಂತು. ಹೆಗಲ ಮೇಲಿನ ಟವೆಲ್ ಬೀಸುತ್ತ ರಸ್ತೆಯ ನಡುವೆಯೇ ನಿಂತೆ. ಚಾಲಕ ತಲೆ ಹೊರಹಾಕಿ, "ಯಪ್ಪಾ, ಸಾಯ್ತೀಯೇನ?" ಎಂದ. ನಾನು ಒಳಗಿದ್ದ ಡಾಕ್ಟರಿಗೆ ಅಕ್ಕೋರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಛಲೋ ಆತ್ರಿ ಹೇಳಿದ್ದು," ಎಂದು ಆಗಲೇ ಪೆಟ್ಟಿಗೆ ತೆರೆಯತೊಡಗಿದರು.

ಗಾಡಿ ಹೋಗಿ, ಬಹಳ ಹೊತ್ತು ಕಳೆದು, ತಿರುಗಿ ಬಂತು. ನನ್ನ ಹತ್ತಿರ ನಿಧಾನವಾದಾಗ ಡಾಕ್ಟರು ಕಿಟಕಿಯಿಂದ, "ಎಚ್ಚರ ಆಗ್ಯಾಳ್ರಿ, ಮಾತಾಡಾಕತ್ತಾಳ. ಕೈಯೊಂದು ಮುರದೈತಿ, ಕೂಡತೈತಿ," ಎಂದರು. ಅಷ್ಟರಲ್ಲಿ ರೇಸಿನ ಹುಡುಗಿಯರೆಲ್ಲ ದಾಟಿಹೋಗಿದ್ದರು. ಸಮೀನಾ ಮಾತ್ರ ಬಂದಿರಲಿಲ್ಲ. ಬಿದ್ದವಳ ಪಕ್ಕ ಕೂತ ಗೆಳತಿ ಯಾರೆಂಬುದು ನನಗೆ ಹೊಳೆದದ್ದು ಆಗ.

ಕೊನೆಗೆ ಒಬ್ಬಳೇ ಬಂದಳು. ಮೊಣಕೈಗೆ ಮಣ್ಣು, ಅಂಗಿಯ ತೋಳಿಗೆ ಇನ್ನೊಬ್ಬಳ ರಕ್ತ. ನನ್ನನ್ನು ಕಂಡು ಒಂದು ಕಾಲು ನೆಲಕ್ಕೆ ಊರಿದಳು.

"ಚಾಚಾ, ಭಾಗ್ಯಾ ಬಿದ್ಲು. ನನ್ನ ಮುಂದನ ಇದ್ಲು."

"ನೀ ನಿಂತಿ."

"ಮತ್ತೇನ್ಮಾಡ್ಲಿ? ಆಕೀ ಸಕ್ಕರಿ ವಿಷಯ ನನಗೊಬ್ಬಾಕಿಗೇ ಗೊತ್ತಿತ್ತು. ರೇಸಿನಾಗ ತಗೋಳಂಗಿಲ್ಲ ಅಂತ ಯಾರಿಗೂ ಹೇಳಿದ್ದಿಲ್ಲ ಆಕಿ." ಆಕೆ ರಸ್ತೆಯ ಉದ್ದಕ್ಕೆ ನೋಡಿದಳು. "ಎಲ್ಲಾರೂ ಹೋದ್ರ?"

"ಹೋದ್ರವಾ."

ಆಕೆಯ ಕಣ್ಣು ತುಂಬಿದವು. ತೋಳಿನಿಂದ ಒರೆಸಿಕೊಳ್ಳಲು ಹೋಗಿ, ರಕ್ತ ಕಂಡು, ಬಿಟ್ಟಳು. ನಾನು ಟವೆಲ್ ಕೊಟ್ಟೆ. ಮುಖ ಒರೆಸಿಕೊಂಡು ಆಕೆಯೇ, "ನಡೀರಿ, ಮುಗಸ್ತೀನಿ," ಎಂದು ಪೆಡಲಿನ ಮೇಲೆ ಕಾಲಿಟ್ಟಳು.

ಆಗ ನನಗೆ ಚಿಂತೆಯಾಯಿತು. ತಿಕೋಟಾದಲ್ಲಿ ಎಲ್ಲ ಮುಗಿಯಿತೆಂದು ಪೆಂಡಾಲು ಬಿಚ್ಚುತ್ತಿರಬೇಕು. ಇನ್ನೊಬ್ಬಳು ಬರುತ್ತಿದ್ದಾಳೆಂದು ಹೇಳಲು ನನ್ನ ಕೈಯಲ್ಲಿ ಇದ್ದದ್ದು ಎರಡು ಸತ್ತ ಬ್ಯಾಟರಿ. ಅತ್ತ ಹೊರಟಿದ್ದ ಒಬ್ಬ ಮೋಟಾರ್‌ಸೈಕಲ್ಲಿನವನನ್ನು ತಡೆದು ಹಿಂದೆ ಹತ್ತಿ ಕೂತೆ. "ಆ ಹುಡುಗೀಕಿಂತ ಮೊದಲ ಮುಟ್ಟಸಪಾ," ಎಂದೆ. ಅವನು ಮುಟ್ಟಿಸಿದ, ಆದರೆ ಸುಲಭವಾಗಿ ಅಲ್ಲ.

ಪೆಂಡಾಲಿನ ಬಟ್ಟೆ ಅರ್ಧ ಇಳಿದಿತ್ತು. ಕುರ್ಚಿಗಳು ಗಾಡಿ ಏರುತ್ತಿದ್ದವು. ಗೆದ್ದವರು ಹಾರ ಹಾಕಿಕೊಂಡು ಫೋಟೋ ಮುಗಿಸಿ ಮನೆಗೆ ಹೊರಟಿದ್ದರು. ನಾನು ಕೂಗಿಕೊಂಡದ್ದು ಕೇಳಿ ಮಲ್ಲಣ್ಣ ಸುತ್ತಿಟ್ಟ ಮುಕ್ತಾಯದ ಪಟ್ಟಿಯನ್ನು ತಾನೇ ಬಿಚ್ಚಿ, ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತ. ಕುರ್ಚಿ ಹೊರುತ್ತಿದ್ದವರು ಕುರ್ಚಿ ಇಳಿಸಿದರು. ಗೆದ್ದ ಹುಡುಗಿ ತಿರುಗಿ ಬಂದು ರಸ್ತೆಯ ಪಕ್ಕ ನಿಂತಳು. ಸಮೀನಾ ತಿರುವಿನಲ್ಲಿ ಕಂಡಳು. ಇಷ್ಟು ಜನ ಕಾಯುತ್ತಿರುವುದನ್ನು ನೋಡಿ ಒಂದು ಕ್ಷಣ ತುಳಿಯುವುದನ್ನೇ ಮರೆತಳು. ಆಮೇಲೆ ಮೈ ಬಗ್ಗಿಸಿ, ಮೊದಲನೆಯವಳಂತೆ ಜೋರಾಗಿ ಬಂದು ಪಟ್ಟಿ ಹರಿದಳು.

ನಾನು ಮಲ್ಲಣ್ಣನ ಕೈಯಿಂದ ಅವನ ಸೆಟ್ಟು ಕಿತ್ತುಕೊಂಡೆ. ಗುಂಡಿ ಒತ್ತಿ, ಸಮೀನಾ ಎಂಬ ಸವಾರಿಣಿ ರೇಸು ಮುಗಿಸಿದ್ದಾಳೆಂದೂ, ಜೋರಾಪುರ ಪೇಟೆಯವಳೆಂದೂ, ಹಾದಿಯಲ್ಲಿ ಯಾಕೆ ತಡವಾಯಿತೆಂದೂ, ಗಾಳಿ ಹೇಗಿತ್ತೆಂದೂ, ಜೋಳ ಹೇಗೆ ಬೆಳೆದಿದೆಯೆಂದೂ ವಿಸ್ತಾರವಾಗಿ ಹೇಳತೊಡಗಿದೆ.

"ಲೇ ರಫೀಕ, ಯಾರಿಗೆ ಹೇಳಾಕತ್ತೀ?" ಎಂದ ಮಲ್ಲಣ್ಣ. "ಅಕ್ಕೋರಿಗೆ ಇಲ್ಲಿಂದ ಕೇಳಸಂಗಿಲ್ಲ. ಬ್ಯಾರೆ ಯಾರೂ ಇಲ್ಲ. ಸುಮ್ಮ ಬ್ಯಾಟರಿ ಯಾಕ ಸುಡತೀ?"

"ಸುಡ್ಲಿ ಬಿಡೋ," ಎಂದೆ, ಗುಂಡಿಯನ್ನು ಬಿಡದೆ.